ಘಟ್ಟದ ಮೇಲಿನ ಸಿಂಹಾಸನ, ಘಟ್ಟದ ಕೆಳಗಿನ ಕಡಲು

(ಶಾಲೆಯ ಸುವರ್ಣ ಮಹೋತ್ಸವದ ಉಪನ್ಯಾಸ ಮಾಲಿಕೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನ್ನನ್ನು ಕರೆಯುವಾಗ, "ನೀವು ನೌಕಾಪಡೆಯಲ್ಲಿ ಇದ್ದವರು, ಸಮುದ್ರದ ವಿಷಯ ಏನಾದರೂ ಹೇಳಿ" ಎಂದರು. ನಾನು ಹದಿನೈದು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವನು. ಎಂಜಿನ್ ಕೋಣೆಯಲ್ಲಿ ಸಮುದ್ರ ಕಾಣುವುದಿಲ್ಲ. ಅಲ್ಲಿರುವುದು ಬಿಸಿ, ಎಣ್ಣೆ, ಸದ್ದು ಮಾತ್ರ. ಸಮುದ್ರವನ್ನು ನಾನು ಸರಿಯಾಗಿ ನೋಡತೊಡಗಿದ್ದು ನಿವೃತ್ತನಾದ ಮೇಲೆ, ಚರಿತ್ರೆಯ ಪುಸ್ತಕಗಳಲ್ಲಿ. ಓದುತ್ತ ಓದುತ್ತ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಅದನ್ನೇ ಇವತ್ತು ನಿಮ್ಮ ಮುಂದಿಡುತ್ತೇನೆ.

ಪ್ರಶ್ನೆ ಇಷ್ಟೇ. ನಮ್ಮ ಈ ಕರಾವಳಿಯಲ್ಲಿ ಹೊನ್ನಾವರ, ಭಟ್ಕಳ, ಮಿರ್ಜಾನ, ಬಸರೂರು, ಮಂಗಳೂರು ಹೀಗೆ ಒಂದರ ಪಕ್ಕ ಒಂದು ಬಂದರು. ಹಿಂದೆ ಘಟ್ಟದಲ್ಲಿ ಹಡಗಿಗೆ ಬೇಕಾದ ಸಾಗುವಾನಿ. ಹಗ್ಗಕ್ಕೆ ತೆಂಗಿನ ನಾರು. ಗಾಳಿಯ ವಾಸನೆಯಲ್ಲೇ ಹವಾಮಾನ ಹೇಳುವ ಅಂಬಿಗರು, ಖಾರ್ವಿಗಳು, ಮೊಗೇರರು, ಹರಿಕಂತ್ರರು. ಜಗತ್ತೆಲ್ಲ ಬಯಸುವ ಕಾಳುಮೆಣಸು. ಇಷ್ಟೆಲ್ಲ ಇದ್ದೂ, ಆರು ತಿಂಗಳ ಪ್ರಯಾಣದಷ್ಟು ದೂರದ, ಹತ್ತು ಹದಿನೈದು ಲಕ್ಷ ಜನರೂ ಇದ್ದಿರಲಾರದ ಪೋರ್ಚುಗಲ್ ಎಂಬ ಪುಟ್ಟ ದೇಶ ಬಂದು, ನಮ್ಮ ಮನೆಬಾಗಿಲಲ್ಲಿ ನಿಂತು, ನಮ್ಮ ಹಡಗುಗಳಿಗೇ "ಚೀಟಿ ತೋರಿಸಿ" ಎಂದು ಕೇಳಿದ್ದು ಹೇಗೆ?

ಅಮೆರಿಕದ ನೌಕಾಪಡೆಯ ಅಧಿಕಾರಿ ಆಲ್ಫ್ರೆಡ್ ಮಹಾನ್ ಎಂಬಾತ 1890ರಲ್ಲಿ, ಚರಿತ್ರೆಯ ಮೇಲೆ ಸಮುದ್ರಶಕ್ತಿಯ ಪ್ರಭಾವ ಏನು ಎಂಬ ಬಗ್ಗೆ ದೊಡ್ಡ ಪುಸ್ತಕವೊಂದನ್ನು ಬರೆದ. ಒಂದು ನಾಡು ಸಮುದ್ರದಲ್ಲಿ ಬಲಶಾಲಿ ಆಗಬೇಕಾದರೆ ಆರು ಸಂಗತಿ ಬೇಕು ಎಂದು ಆತ ಎಣಿಸಿದ. ನಾಡು ಇರುವ ಜಾಗ, ಕರಾವಳಿಯ ರೂಪ, ಅದರ ವಿಸ್ತಾರ, ಸಮುದ್ರದ ಕೆಲಸಕ್ಕೆ ಒದಗುವ ಜನರ ಸಂಖ್ಯೆ, ಆ ಜನರ ಸ್ವಭಾವ, ಕೊನೆಯದಾಗಿ ಆಳುವವರ ಮನೋಧರ್ಮ. ಈ ಪಟ್ಟಿಯನ್ನು ನಮ್ಮ ಕರಾವಳಿಗೆ ಹಿಡಿದು ನೋಡಿದರೆ ಮೊದಲಿನ ಐದರಲ್ಲೂ ನಾವು ಪಾಸು. ಫೇಲಾದದ್ದು ಆರನೆಯದರಲ್ಲಿ. ನನ್ನ ಇವತ್ತಿನ ಮಾತೆಲ್ಲ ಆ ಆರನೆಯ ವಿಷಯದ ಬಗ್ಗೆ.

ಮೊದಲು ಗಾಳಿಯಿಂದ ಶುರುಮಾಡೋಣ. ಮಕ್ಕಳೇ, ಅರಬ್ಬೀ ಸಮುದ್ರದಲ್ಲಿ ಗಾಳಿ ವರ್ಷಕ್ಕೆ ಎರಡು ದಿಕ್ಕಿನಲ್ಲಿ ಬೀಸುತ್ತದೆ. ಮಳೆಗಾಲದಲ್ಲಿ ನೈರುತ್ಯದಿಂದ, ಚಳಿಗಾಲದಲ್ಲಿ ಈಶಾನ್ಯದಿಂದ. ಅರಬಸ್ತಾನದ ಹಡಗುಗಳು ಮಳೆಗಾಲದ ಗಾಳಿ ಸ್ವಲ್ಪ ತಗ್ಗಿದಾಗ ಅದರ ಬೆನ್ನೇರಿ ಇಲ್ಲಿಗೆ ಬರುತ್ತಿದ್ದವು, ಚಳಿಗಾಲದ ಗಾಳಿ ಹಿಡಿದು ಹಿಂತಿರುಗುತ್ತಿದ್ದವು. ಜೂನ್, ಜುಲೈ ತಿಂಗಳಲ್ಲಿ ನಮ್ಮ ಅಳಿವೆಗಳೆಲ್ಲ ಬಾಗಿಲು ಹಾಕಿದಂತೆ. ಇವತ್ತೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದೆಯಲ್ಲ, ಸಮುದ್ರ ಆ ರಜೆಯನ್ನು ಸರ್ಕಾರಕ್ಕಿಂತ ಸಾವಿರಾರು ವರ್ಷ ಮೊದಲೇ ಘೋಷಿಸಿತ್ತು. ಈ ಗಾಳಿಯ ಲೆಕ್ಕ ಗೊತ್ತಿದ್ದವರು ವ್ಯಾಪಾರ ಮಾಡಿದರು. ರೋಮಿನ ಪ್ಲಿನಿ ಎಂಬ ವಿದ್ವಾಂಸ, ನಮ್ಮ ಚಿನ್ನ ಬೆಳ್ಳಿಯೆಲ್ಲ ವರ್ಷವರ್ಷವೂ ಹಿಂದೂದೇಶಕ್ಕೆ ಹರಿದುಹೋಗುತ್ತಿದೆ ಎಂದು ಗೊಣಗುವಷ್ಟು ವ್ಯಾಪಾರ ಅದು.

ಕನ್ನಡನಾಡಿನ ಅರಸರಿಗೆ ಸಮುದ್ರ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. ಐಹೊಳೆಯ ಮೇಗುಟಿ ಬಸದಿಯಲ್ಲಿ ರವಿಕೀರ್ತಿ ಬರೆದ, ಕ್ರಿ.ಶ. 634ರ ಶಾಸನವನ್ನು ನೀವು ಪಾಠದಲ್ಲಿ ಓದಿದ್ದೀರಿ. ಹರ್ಷವರ್ಧನನನ್ನು ಇಮ್ಮಡಿ ಪುಲಕೇಶಿ ತಡೆದ ಸಂಗತಿ ಅದರಲ್ಲಿದೆ ಎಂಬುದು ಎಲ್ಲರಿಗೂ ನೆನಪು. ಅದೇ ಶಾಸನದಲ್ಲಿ ಆತ ಪಡುವಣ ಕಡಲ ಪುರಿ ಎಂಬ ಪಟ್ಟಣದ ಮೇಲೆ ನೂರಾರು ನಾವೆಗಳೊಡನೆ ಏರಿಹೋದ ವಿಷಯವೂ ಇದೆ. ಅದು ಮಾತ್ರ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಗೋವೆಯ ಕದಂಬರಿಗೂ ಹಡಗುಪಡೆ ಇತ್ತು. ಪೂರ್ವದಲ್ಲಿ ರಾಜೇಂದ್ರ ಚೋಳನ ಹಡಗುಗಳು 1025ರಲ್ಲಿ ಸಮುದ್ರ ದಾಟಿ ಶ್ರೀವಿಜಯ ರಾಜ್ಯದ ಮೇಲೆ ದಾಳಿ ಮಾಡಿದವು.

ನಮ್ಮ ತಾಲ್ಲೂಕಿನದೇ ಒಂದು ಸಾಕ್ಷಿ ಹೇಳುತ್ತೇನೆ. ಮೊರಾಕೊ ದೇಶದ ಇಬ್ನ್ ಬತೂತಾ ಎಂಬ ಪ್ರವಾಸಿ 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದಿದ್ದ. ಆಗ ಅಲ್ಲಿ ಜಮಾಲುದ್ದೀನ್ ಎಂಬ ಅಧಿಪತಿ ಇದ್ದ. ಅವನು ಹರಿಯಪ್ಪ ಎಂಬ ಹಿಂದೂ ಅರಸನಿಗೆ ಅಧೀನನಾಗಿದ್ದ, ಅಂದರೆ ಆಗಷ್ಟೇ ಹುಟ್ಟಿದ್ದ ವಿಜಯನಗರದ ಹರಿಹರನಿಗೆ ಎಂದು ವಿದ್ವಾಂಸರು ಹೇಳುತ್ತಾರೆ. ಮಲಬಾರಿನವರು ಈ ಹೊನ್ನಾವರದವನ ಹಡಗುಬಲಕ್ಕೆ ಹೆದರಿ ಪ್ರತಿವರ್ಷ ಇಂತಿಷ್ಟು ಹಣ ಕೊಡುತ್ತಿದ್ದರಂತೆ. ಅವನು 52 ಹಡಗು ಸಜ್ಜುಮಾಡಿ ಗೋವೆಯ ಮೇಲೆ ಹೋದಾಗ ಇಬ್ನ್ ಬತೂತಾ ತಾನೂ ಆ ದಂಡಿನಲ್ಲಿ ಇದ್ದ. ಶಾಲೆಯ ಹಬ್ಬದ ದಿನ ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಅವನು ಬರೆದಿಟ್ಟಿದ್ದಾನೆ. ಹಡಗು ಬಂದುಹೋಗುವ ಊರಿಗೆ ಅಕ್ಷರವೂ ಬರುತ್ತದೆ.

ಇಂಥ ಹೊನ್ನಾವರ ಮುಂದೆ ಏಕೆ ಸೋತಿತು? ಅದಕ್ಕೆ ಕುದುರೆಯ ಕಥೆ ಕೇಳಬೇಕು. ವಿಜಯನಗರ ಸಾಮ್ರಾಜ್ಯ ನಿಂತದ್ದು ದಂಡಿನ ಮೇಲೆ, ದಂಡು ನಿಂತದ್ದು ಕುದುರೆಯ ಮೇಲೆ. ಒಳ್ಳೆಯ ಕುದುರೆ ನಮ್ಮ ಹವೆಯಲ್ಲಿ ಬೆಳೆಯುವುದಿಲ್ಲ. ಅರಬಸ್ತಾನದಿಂದ, ಹೊರ್ಮುಜ್‌ನಿಂದ ಹಡಗಿನಲ್ಲೇ ಬರಬೇಕು. ಭಟ್ಕಳ, ಹೊನ್ನಾವರ, ಗೋವೆಯ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಬೇಕು. ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಕೃಷ್ಣದೇವರಾಯ ತನ್ನ ತೆಲುಗು ಕಾವ್ಯ ಆಮುಕ್ತಮಾಲ್ಯದದಲ್ಲಿ, ಅರಸನಾದವನು ಬಂದರುಗಳನ್ನು ಚೆನ್ನಾಗಿ ನೋಡಿಕೊಳ್ಳಬೇಕು, ಕುದುರೆ ಆನೆ ರತ್ನಗಳು ತನ್ನ ನಾಡಿಗೇ ಬರುವಂತೆ ಮಾಡಿಕೊಳ್ಳಬೇಕು, ಅವು ವೈರಿಯ ಪಾಲಾಗಬಾರದು ಎಂದು ಬುದ್ಧಿ ಹೇಳಿದ್ದಾನೆ. ಅಂದರೆ ಬಂದರಿನ ಬೆಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಗಮನಿಸಿ. ಅವನು ಹೇಳಿದ್ದು ಬಂದರಿನ ಬಗ್ಗೆ, ಅಲ್ಲಿಗೆ ಬರುವ ಸರಕಿನ ಬಗ್ಗೆ. ಆ ಸರಕನ್ನು ತರುವ ಹಡಗು ಯಾರದು, ಅದು ಬರುವ ದಾರಿಯನ್ನು ಕಾಯುವವರು ಯಾರು ಎಂಬುದು ಹಂಪಿಯ ಆಸ್ಥಾನಕ್ಕೆ ತಲೆಬಿಸಿಯ ವಿಷಯ ಆಗಲಿಲ್ಲ. ಘಟ್ಟದ ಮೇಲಿನ ಸಿಂಹಾಸನಕ್ಕೆ ಘಟ್ಟದ ಕೆಳಗಿನ ಕಡಲು ಒಂದು ಸುಂಕದ ಕಟ್ಟೆಯಾಗಿತ್ತು. ಬಾಗಿಲಿಗೆ ಬಂದದ್ದಕ್ಕೆ ಸುಂಕ ವಸೂಲಿ ಮಾಡಿದರೆ ಸಾಕು, ಬೀದಿಯ ಉಸಾಬರಿ ನಮಗೇಕೆ ಎಂಬ ಲೆಕ್ಕ. ಬೀದಿ ಎಲ್ಲರದ್ದಾಗಿರುವವರೆಗೆ ಆ ಲೆಕ್ಕ ತಪ್ಪಲಿಲ್ಲ.

1498ರ ಮೇ ತಿಂಗಳಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಇಳಿದ. ಹಿಂತಿರುಗುವಾಗ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಲಂಗರು ಹಾಕಿ ಹಡಗುಗಳನ್ನು ರಿಪೇರಿ ಮಾಡಿಕೊಂಡ. ಈ ದ್ವೀಪದ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. 1502ರಲ್ಲಿ ಎರಡನೆಯ ಬಾರಿ ಬಂದಾಗ ಅವನು ಭಟ್ಕಳದ ಮೇಲೆ ಅಕ್ಕಿಯ ಕಪ್ಪ ಹೇರಿದ. ಅದೇ ಯಾತ್ರೆಯಲ್ಲಿ ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು, ಹೆಂಗಸರು ಮಕ್ಕಳು ಸಹಿತ ನೂರಾರು ಜನ ಒಳಗಿರುವಾಗಲೇ ಸುಡಿಸಿದ. ಸಮುದ್ರಶಕ್ತಿ ಎಂದಾಗ ಬಿಳಿ ಸಮವಸ್ತ್ರ, ಬ್ಯಾಂಡು, ಪೆರೇಡು ಕಣ್ಣಮುಂದೆ ಬರುತ್ತದೆ. ಅದರ ಇನ್ನೊಂದು ಮುಖ ಇದು. ಮಕ್ಕಳು ಎರಡನ್ನೂ ತಿಳಿದಿರಬೇಕು.

1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಅಲ್ಮೇಡ ಅಂಜದೀವದಲ್ಲಿ ಕೋಟೆ ಕಟ್ಟಿಸಿದ, ಹೊನ್ನಾವರದ ಮೇಲೆ ಬಿದ್ದು ಅಲ್ಲಿನ ಹಡಗುಗಳಿಗೆ ಬೆಂಕಿ ಹಚ್ಚಿದ. 1509ರ ಫೆಬ್ರುವರಿ 3ರಂದು ಗುಜರಾತಿನ ದಿಯು ಬಂದರಿನಲ್ಲಿ ಈಜಿಪ್ಟ್, ಗುಜರಾತ್, ಕಲ್ಲಿಕೋಟೆಗಳ ಒಟ್ಟು ಹಡಗುಪಡೆಯನ್ನು ಸೋಲಿಸಿದ. ಒಂದೇ ದಿನದ ಕಾಳಗ. ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ಅರಬ್ಬೀ ಸಮುದ್ರದಲ್ಲಿ ಅವರನ್ನು ಎದುರುಬದುರು ನಿಂತು ಸೋಲಿಸಬಲ್ಲ ದೊಡ್ಡ ಹಡಗುಪಡೆ ಇರಲಿಲ್ಲ. ಅದೇ 1509ರಲ್ಲಿ ಹಂಪಿಯಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ. ನಮ್ಮ ಪಠ್ಯದಲ್ಲಿ ಅವನ ಪಟ್ಟಾಭಿಷೇಕ ಇದೆ, ದಿಯು ಕಾಳಗ ಇಲ್ಲ.

ಗೆದ್ದದ್ದು ಹೇಗೆ? ಅವರು ನಮಗಿಂತ ಧೈರ್ಯಶಾಲಿಗಳೇನೂ ಆಗಿರಲಿಲ್ಲ. ನಮ್ಮ ಹಡಗುಗಳು ಬಹುಮಟ್ಟಿಗೆ ಹಲಗೆಗೆ ಹಲಗೆ ಸೇರಿಸಿ ನಾರಿನ ಹಗ್ಗದಿಂದ ಹೊಲಿದವು. ಅಲೆಗೆ ಬಾಗುತ್ತವೆ, ಮರಳಿಗೆ ತಗುಲಿದರೂ ಒಡೆಯುವುದಿಲ್ಲ, ವ್ಯಾಪಾರಕ್ಕೆ ಬಲು ಒಳ್ಳೆಯವು. ಆದರೆ ಭಾರದ ಫಿರಂಗಿ ಹಾರಿಸಿದಾಗ ಹಿಂದಕ್ಕೆ ಒದೆಯುವ ಪೆಟ್ಟನ್ನು ತಡೆಯುವುದು ಅವಕ್ಕೆ ಕಷ್ಟ. ಪೋರ್ಚುಗೀಸರ ಹಡಗು ಕಬ್ಬಿಣದ ಮೊಳೆಯಿಂದ ಬಿಗಿದದ್ದು, ಫಿರಂಗಿ ಹೊರಲೆಂದೇ ಕಟ್ಟಿದ್ದು. ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿತ್ತು. ಅವರ ಹಿಂದೆ ಒಂದು ರಾಜ್ಯ ಇತ್ತು. ಲಿಸ್ಬನ್ನಿನ ಅರಸನಿಗೆ ಸಮುದ್ರವೇ ಮೊದಲ ಕೆಲಸ. ಹೋದ ವರ್ಷ ಸೋತರೂ ಈ ವರ್ಷ ಮತ್ತೆ ಹಡಗು ಬರುತ್ತಿತ್ತು.

ಅಲ್ಮೇಡನ ನಂತರ ಬಂದ ಅಲ್ಬುಕರ್ಕ್ ಇಡೀ ಸಮುದ್ರವನ್ನು ಒಂದು ಮನೆಯಂತೆ ನೋಡಿದ. ಮನೆಗೆ ಎಷ್ಟು ಬಾಗಿಲು? 1510ರಲ್ಲಿ ಗೋವೆ, 1511ರಲ್ಲಿ ಮಲಕ್ಕಾ, 1515ರಲ್ಲಿ ಹೊರ್ಮುಜ್ ಹಿಡಿದ. ಕೆಂಪು ಸಮುದ್ರದ ಬಾಯಲ್ಲಿರುವ ಏಡನ್ ಮಾತ್ರ 1513ರಲ್ಲಿ ಪ್ರಯತ್ನಿಸಿದರೂ ದಕ್ಕಲಿಲ್ಲ. ದೊಡ್ಡ ನೆಲ ಗೆಲ್ಲಲಿಲ್ಲ, ಬಾಗಿಲುಗಳನ್ನು ಹಿಡಿದು ಕೂತ. ಇದರ ಜೊತೆಗಿದ್ದದ್ದೇ ಕಾರ್ತಾಜ್ ಎಂಬ ರಹದಾರಿ ಚೀಟಿ. ನಮ್ಮ ವ್ಯಾಪಾರಿಯ ಹಡಗು ಹೊರಡಬೇಕಾದರೆ ಅವರಿಂದ ಚೀಟಿ ಪಡೆಯಬೇಕು, ಅವರು ಹೇಳಿದ ಬಂದರಿಗೆ ಹೋಗಿ ಸುಂಕ ಕಟ್ಟಬೇಕು. ಚೀಟಿ ಇಲ್ಲದ ಹಡಗು ಸಿಕ್ಕಿದರೆ ಸರಕು, ಹಡಗು ಎಲ್ಲ ಜಪ್ತಿ. ಸಾವಿರಾರು ವರ್ಷ ಎಲ್ಲರೂ ಓಡಾಡಿದ ಬೀದಿಗೆ ಒಬ್ಬ ಬಂದು ಗೇಟು ಹಾಕಿದ.

ಗೋವೆ ಹಿಡಿಯಲು ಅಲ್ಬುಕರ್ಕ್‌ಗೆ ನೆರವಾದವನು ನಮ್ಮ ಹೊನ್ನಾವರದ ತಿಮ್ಮೋಜ. ಕೆಂಪು ಸಮುದ್ರದ ಕಡೆಗೆ ಹೊರಟಿದ್ದ ಅಲ್ಬುಕರ್ಕ್‌ಗೆ, ಗೋವೆಯ ಮೇಲೆ ಹೋಗಲು ಇದೇ ಸಮಯ ಎಂದು ಹೇಳಿಕೊಟ್ಟವನೇ ಅವನು. ಅವನನ್ನು ಕೆಲವರು ಕಡಲ್ಗಳ್ಳ ಎನ್ನುತ್ತಾರೆ, ಕೆಲವರು ನಾವಿಕ ಸರದಾರ ಎನ್ನುತ್ತಾರೆ. ದ್ರೋಹಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ನನಗೆ ಬೇರೆಯೇ ಯೋಚನೆ ಬರುತ್ತದೆ. ಈ ಕರಾವಳಿಯ ಪ್ರತಿಯೊಂದು ಅಳಿವೆ, ಬಂಡೆ, ಗಾಳಿ ಗೊತ್ತಿದ್ದ, ಸ್ವಂತ ಹಡಗುಗಳಿದ್ದ ಒಬ್ಬ ಸಮರ್ಥ ನಾವಿಕ ಇಲ್ಲೇ ಇದ್ದ. ಅವನನ್ನು ತಮ್ಮ ಕೆಲಸಕ್ಕೆ ಬಳಸಿಕೊಳ್ಳಬೇಕೆಂದು ಹೊಳೆದದ್ದು ಲಿಸ್ಬನ್ನಿನಿಂದ ಬಂದವನಿಗೆ.  ಕೊನೆಗೆ ಪೋರ್ಚುಗೀಸರೂ ಅವನನ್ನು ಅಧಿಕಾರದಲ್ಲಿ ಉಳಿಸಲಿಲ್ಲ, ಅದು ಬೇರೆ ಮಾತು.

ಪರಿಣಾಮ ಏನಾಯಿತೆಂದರೆ ಕುದುರೆಯ ಜುಟ್ಟು ಪೋರ್ಚುಗೀಸರ ಕೈಗೆ ಹೋಯಿತು. ಗೋವೆಗೆ ಬಂದ ಕುದುರೆಯನ್ನು ವಿಜಯನಗರಕ್ಕೆ ಮಾರಬೇಕೋ, ಬಿಜಾಪುರಕ್ಕೆ ಮಾರಬೇಕೋ ಎಂಬುದನ್ನು ಅವರೇ ತೀರ್ಮಾನಿಸುವಂತಾಯಿತು. 1547ರಲ್ಲಿ ವಿಜಯನಗರ ಅವರೊಡನೆ ಒಪ್ಪಂದ ಮಾಡಿಕೊಂಡು, ಗೋವೆಯ ಕುದುರೆಗಳೆಲ್ಲ ತನಗೇ ಸಿಗುವಂತೆ ಕೇಳಿಕೊಂಡಿತು. ಅಂದಿನ ದಕ್ಷಿಣ ಭಾರತದ ಅತಿ ದೊಡ್ಡ ಸಾಮ್ರಾಜ್ಯ, ಕೆಲವೇ ಸಾವಿರ ಪರದೇಶಿಗಳೊಡನೆ ಒಪ್ಪಂದಕ್ಕೆ ಕೂತಿತು. ಸಮುದ್ರಶಕ್ತಿ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಒಂದು ಒಪ್ಪಂದವನ್ನು ತೋರಿಸುತ್ತೇನೆ.

ಹಾಗಾದರೆ ನಮ್ಮ ಕರಾವಳಿಯವರು ಸುಮ್ಮನೆ ಕೈಕಟ್ಟಿ ಕೂತರೇ? ಇಲ್ಲ. ಉಳ್ಳಾಲದ ಅಬ್ಬಕ್ಕ ರಾಣಿ ಕಪ್ಪ ಕೊಡುವುದಿಲ್ಲ ಎಂದು ಎದ್ದು ನಿಂತಳು. ಇವತ್ತು ತಟರಕ್ಷಣಾ ಪಡೆಯ ಒಂದು ಹಡಗಿಗೆ ಅವಳ ಹೆಸರಿದೆ. ನಮ್ಮ ಶರಾವತಿಯ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರೇ ಕಾಳುಮೆಣಸಿನ ರಾಣಿ ಎಂದು ಕರೆದರು. 1568, 69ರ ಸುಮಾರಿಗೆ ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಬೇರೂರಿದರು. ಅದು 1565ರ ರಕ್ಕಸತಂಗಡಿ ಯುದ್ಧದ ಬೆನ್ನಲ್ಲೇ ಆಯಿತು ಎಂಬುದನ್ನು ಗಮನಿಸಿ. ಘಟ್ಟದ ಮೇಲಿನ ಸಿಂಹಾಸನ ಅಲುಗಿದೊಡನೆ ಕೆಳಗಿನ ಬಂದರು ಕೈಬಿಟ್ಟಿತು. ಉಳಿದ ಚಿಕ್ಕ ಚಿಕ್ಕ ರಾಜ್ಯಗಳು ಸಮುದ್ರದ ಕಡೆ ಮುಖಮಾಡಿ ನಿಲ್ಲುವ ಬದಲು ಒಬ್ಬರ ಮೇಲೊಬ್ಬರು ಬಿದ್ದವು. ಚೆನ್ನಭೈರಾದೇವಿಯ ರಾಜ್ಯವನ್ನು ಕೊನೆಗೆ ಗೆದ್ದುಕೊಂಡದ್ದು ಕೆಳದಿಯವರು, ಪೋರ್ಚುಗೀಸರಲ್ಲ.

ಸಮುದ್ರ ಹಿಡಿದವನ ಕೈಯಲ್ಲೂ ಎಲ್ಲವೂ ಇರುವುದಿಲ್ಲ ಎಂಬುದಕ್ಕೆ ನಮ್ಮ ಅಕ್ಕಿಯೇ ಸಾಕ್ಷಿ. ಫಿರಂಗಿಯಿಂದ ಹೊಟ್ಟೆ ತುಂಬುವುದಿಲ್ಲ. ಗೋವೆಯ ಪೋರ್ಚುಗೀಸರು ಉಣ್ಣುತ್ತಿದ್ದುದು ಬಹುಪಾಲು ಬಸರೂರು, ಮಂಗಳೂರು ಕಡೆಯ ಅಕ್ಕಿ. ದೂರದ ಮಸ್ಕತ್ತಿಗೂ ಅದು ಹೋಗುತ್ತಿತ್ತು. ಕೆಳದಿಯ ನಾಯಕರಿಗೆ ಈ ಗುಟ್ಟು ಗೊತ್ತಿತ್ತು. ಬೇಕಾದಾಗ ಅಕ್ಕಿಯ ಬಾಗಿಲು ತೆರೆದರು, ಬೇಡವಾದಾಗ ಮುಚ್ಚಿದರು. 1650ರ ದಶಕದ ಮೊದಲ ವರ್ಷಗಳಲ್ಲಿ ಶಿವಪ್ಪನಾಯಕ ಪೋರ್ಚುಗೀಸರನ್ನು ಮಂಗಳೂರು, ಬಸರೂರು, ಗಂಗೊಳ್ಳಿ, ಹೊನ್ನಾವರದ ಕೋಟೆಗಳಿಂದ ಒಂದೊಂದಾಗಿ ಹೊರಗಟ್ಟಿದ. ಅದೇ ಕಾಲಕ್ಕೆ ಡಚ್ಚರು ಅವರನ್ನು ಸಮುದ್ರದಲ್ಲಿ ಹಣ್ಣುಮಾಡುತ್ತಿದ್ದರು. 1641ರಲ್ಲಿ ಮಲಕ್ಕಾ, 1663ರಲ್ಲಿ ಕೊಚ್ಚಿ ಡಚ್ಚರ ಪಾಲಾದವು. ಆದರೆ ಕೆಳದಿಯವರೂ ಕೋಟೆ ಗೆದ್ದರೇ ಹೊರತು ಕೋಟೆಯ ಆಚೆಯ ನೀರನ್ನು ಗೆಲ್ಲಲಿಲ್ಲ. 1665ರಲ್ಲಿ ಶಿವಾಜಿ ಮಾಲ್ವಣದಿಂದ ಹಡಗುಗಳೊಡನೆ ಬಂದು ಬಸರೂರನ್ನು ಕೊಳ್ಳೆ ಹೊಡೆದು ಹೋದಾಗ ಸಮುದ್ರದಲ್ಲಿ ಅಡ್ಡ ನಿಂತವರು ಯಾರೂ ಇರಲಿಲ್ಲ.

ಶಿವಾಜಿ ಘಟ್ಟದ ಮೇಲಿನವನಾದರೂ ಸಮುದ್ರದ ಮರ್ಮ ಅರಿತ ಅಪರೂಪದ ಅರಸ. ಅವನು ಹಾಕಿದ ಅಡಿಪಾಯದ ಮೇಲೆ ಕಾನ್ಹೋಜಿ ಆಂಗ್ರೆ 1729ರಲ್ಲಿ ತೀರಿಕೊಳ್ಳುವವರೆಗೂ ಇಂಗ್ಲಿಷರು, ಪೋರ್ಚುಗೀಸರು ಇಬ್ಬರನ್ನೂ ಕಾಡಿದ. ಆಮೇಲೆ ಏನಾಯಿತು? 1756ರಲ್ಲಿ ಪೇಶ್ವೆಯೇ ಇಂಗ್ಲಿಷರ ಜೊತೆ ಸೇರಿ ಆಂಗ್ರೆಗಳ ಮೇಲೆ ಹೋದ. ವಿಜಯದುರ್ಗದಲ್ಲಿ ಮರಾಠರ ಹಡಗುಪಡೆ ಸುಟ್ಟು ಬೂದಿಯಾಯಿತು. ಆ ದಾಳಿಯಲ್ಲಿದ್ದ ಇಂಗ್ಲಿಷ್ ನಾಯಕರು ಇಬ್ಬರು, ವ್ಯಾಟ್ಸನ್ ಮತ್ತು ಕ್ಲೈವ್. ಮರುವರ್ಷ ಅವರಿಬ್ಬರೂ ಬಂಗಾಳದಲ್ಲಿದ್ದರು. 1757ರ ಪ್ಲಾಸಿ ಕದನ ನಿಮಗೆ ಗೊತ್ತೇ ಇದೆ.

ಕನ್ನಡನಾಡಿನಲ್ಲಿ ಕೊನೆಯ ಪ್ರಯತ್ನ ಹೈದರಾಲಿಯದು. 1763ರಲ್ಲಿ ಬಿದನೂರು ಗೆದ್ದೊಡನೆ ಅವನು ಕರಾವಳಿಯಲ್ಲಿ ಹಡಗು ಕಟ್ಟಿಸತೊಡಗಿದ. 1768ರಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷ್ ಪಡೆ ಮಂಗಳೂರು, ಹೊನ್ನಾವರ ಹಿಡಿದು ಆ ಹಡಗುಗಳನ್ನು ಕಸಿದುಕೊಂಡಿತು. ಅವನು ಊರುಗಳನ್ನು ಬೇಗನೆ ಮರಳಿ ಗೆದ್ದ, ಮತ್ತೆ ಹಡಗು ಕಟ್ಟಿಸಿದ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಸೈನ್ಯ ನುಚ್ಚುನೂರಾಯಿತು. ಅದೇ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಹೈದರನ ಹಡಗುಗಳನ್ನು ಅಡ್ಮಿರಲ್ ಹ್ಯೂಸ್ ನಾಶಮಾಡಿದ. ನೆಲದಲ್ಲಿ ಗೆಲುವು, ನೀರಿನಲ್ಲಿ ಸೋಲು, ಎರಡಕ್ಕೂ ನಡುವೆ ಮೂರೇ ತಿಂಗಳು. ಇಂಗ್ಲಿಷರನ್ನು ನೆಲದ ಮೇಲೆ ಸೋಲಿಸಬಲ್ಲೆ, ಸಮುದ್ರವನ್ನು ಬತ್ತಿಸಲಾರೆ ಎಂಬ ಅರ್ಥದ ಮಾತೊಂದು ಹೈದರನ ಹೆಸರಿನಲ್ಲಿ ಬಳಕೆಯಲ್ಲಿದೆ. ಅವನು ಹೇಳಿದನೋ ಬಿಟ್ಟನೋ, ಅವನ ಬದುಕು ಹೇಳಿದ್ದು ಅದನ್ನೇ. ಟಿಪ್ಪು ತನ್ನ ಕೊನೆಯ ವರ್ಷಗಳಲ್ಲಿ ಹಡಗು ಕಟ್ಟಲು ದೊಡ್ಡ ಯೋಜನೆಯನ್ನೇ ಹಾಕಿದ. ಅದು ಕೈಗೂಡುವ ಮೊದಲೇ 1799ರ ಮೇ 4 ಬಂದುಬಿಟ್ಟಿತು. ಹಡಗನ್ನು ಮೂರು ವರ್ಷದಲ್ಲಿ ಕಟ್ಟಬಹುದು, ಹಡಗುಪಡೆಯನ್ನು ಕಟ್ಟಲು ಮೂರು ತಲೆಮಾರು ಬೇಕು. ಮದ್ದುಗುಂಡು, ಮರ, ದುಡ್ಡು ಬೊಕ್ಕಸದಿಂದ ಬರುತ್ತದೆ. ಹಗಲುರಾತ್ರಿ ಹಡಗು ನಡೆಸಬಲ್ಲ ಅನುಭವ ಬೊಕ್ಕಸದಿಂದ ಬರುವುದಿಲ್ಲ. ಎಂಜಿನ್ ಕೋಣೆಯಲ್ಲಿ ನಾನು ಕಲಿತ ಚರಿತ್ರೆ ಇದೊಂದೇ.

ಇತಿಹಾಸಕಾರ ಕೆ.ಎಂ. ಪಣಿಕ್ಕರ್ 1945ರಲ್ಲಿ ಹಿಂದೂ ಮಹಾಸಾಗರದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದು, ಭಾರತ ತನ್ನ ಸ್ವಾತಂತ್ರ್ಯ ಕಳೆದುಕೊಳ್ಳತೊಡಗಿದ್ದು ಸಮುದ್ರದ ಹಿಡಿತ ತಪ್ಪಿದಾಗಲೇ ಎಂದು ವಾದಿಸಿದರು. ಸ್ವತಂತ್ರ ಭಾರತ ಆ ಪಾಠವನ್ನು ತಕ್ಕಮಟ್ಟಿಗೆ ಕಲಿತಿದೆ. ಅಂಜದೀವದ ಹೆಸರು ನೆನಪಿಡಿ ಎಂದಿದ್ದೆನಲ್ಲ. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾದಾಗ ಆ ದ್ವೀಪಕ್ಕೆ ಹೋದದ್ದು ನಮ್ಮ ನಾಡಿನ ಹೆಸರು ಹೊತ್ತ ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್. ನಮ್ಮ ನೌಕಾಪಡೆಯ ಏಳು ಮಂದಿ ಅಲ್ಲಿ ಪ್ರಾಣ ಕೊಟ್ಟರು. ವಾಸ್ಕೋ ಡ ಗಾಮ ಹಡಗು ರಿಪೇರಿ ಮಾಡಿಕೊಂಡ ಆ ದ್ವೀಪ ಇವತ್ತು ಕಾರವಾರದ ಸೀಬರ್ಡ್ ನೌಕಾನೆಲೆಯ ಅಲೆತಡೆ ಗೋಡೆಗೆ ಸೇರಿಕೊಂಡಿದೆ. 2005ರಲ್ಲಿ ಕಾರ್ಯಾರಂಭ ಮಾಡಿದ ಆ ನೆಲೆಯ ಹೆಸರು ಐಎನ್‌ಎಸ್ ಕದಂಬ.

ಆ ನೆಲೆಯ ಬಗ್ಗೆ ಹೆಮ್ಮೆಪಡುವಾಗ ಒಂದು ಮಾತು ಮರೆಯಬಾರದು. ಅದಕ್ಕಾಗಿ ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬಗಳು ಗದ್ದೆ, ಮನೆ, ದೋಣಿ ಎಳೆಯುವ ದಡ ಬಿಟ್ಟು ಎದ್ದುಹೋದವು. ತಕ್ಕ ಪರಿಹಾರಕ್ಕಾಗಿ ಅವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಕಾಯಬೇಕಾಯಿತು. ನಮ್ಮ ಊರಿಗೂ ಆ ಕುಟುಂಬಗಳ ನೆಂಟರಿದ್ದಾರೆ, ಈ ಸಭೆಯಲ್ಲೂ ಇರಬಹುದು. ದೇಶದ ಸಮುದ್ರಶಕ್ತಿಗೆ ಬೆಲೆ ತೆತ್ತವರ ಪಟ್ಟಿಯಲ್ಲಿ ಸೈನಿಕರ ಹೆಸರಿನ ಜೊತೆಗೆ ಅವರ ಹೆಸರೂ ಇರಬೇಕು. ಘಟ್ಟದ ಕೆಳಗಿನವರ ಮಾತು ಮೇಲಿನವರಿಗೆ ಕೇಳಿಸದೆ ಹೋದದ್ದರಿಂದಲೇ ಈ ನಾಡು ಒಮ್ಮೆ ಸಮುದ್ರ ಕಳೆದುಕೊಂಡಿತು. ಅದನ್ನೇ ಮತ್ತೆ ಮಾಡಬಾರದು.

ಇನ್ನು ಮಕ್ಕಳಿಗೆ ಎರಡು ಮಾತು. ನಮ್ಮ ದೇಶದ ಹೊರದೇಶದ ವ್ಯಾಪಾರ, ತೂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 95 ಪಾಲು ಸಮುದ್ರದ ಮೇಲೆಯೇ ನಡೆಯುತ್ತದೆ. ನಿಮ್ಮ ಮನೆಯ ಗ್ಯಾಸು, ಅಡುಗೆ ಎಣ್ಣೆ, ಗದ್ದೆಯ ಗೊಬ್ಬರ ಬಹಳಷ್ಟು ಬರುವುದು ಹಡಗಿನಲ್ಲಿ. ಆ ಹಡಗಿಗೆ ನಾವಿಕರು ಬೇಕು, ಎಂಜಿನಿಯರುಗಳು ಬೇಕು, ಬಂದರಿಗೆ ಕೆಲಸಗಾರರು ಬೇಕು, ಸಮುದ್ರವನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಬೇಕು. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದಬಹುದು, ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ, ಗೋವಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಹೆಣ್ಣುಮಕ್ಕಳು, ಇದು ನಮಗಲ್ಲ ಎಂದುಕೊಳ್ಳಬೇಡಿ. 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ತಾರಿಣಿ ಎಂಬ ಹಾಯಿಹಡಗಿನಲ್ಲಿ ಹೊರಟ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಭೂಮಿ ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ಹೊನ್ನಾವರದ ಆ 13 ಶಾಲೆಗಳ ಹುಡುಗಿಯರು ಇದನ್ನು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ.

ಎರಡನೆಯ ಮಾತು ದೋಣಿ ಮನೆಗಳ ಮಕ್ಕಳಿಗೆ. ನನ್ನ ಕಾಲದಲ್ಲಿ ಮೀನಿನ ಹಂಗಾಮು ಬಂದರೆ ಹಿಂದಿನ ಬೆಂಚುಗಳು ಖಾಲಿ. ಹಾಜರಿ ಕರೆಯುವಾಗ ಯಾರೋ ಒಬ್ಬರು "ರಂಪಣಿಗೆ ಹೋದ ಸಾರ್" ಎನ್ನುತ್ತಿದ್ದರು, ಉಳಿದವರು ನಗುತ್ತಿದ್ದರು. ಆ ಹುಡುಗರು ನಕ್ಷತ್ರ ನೋಡಿ ದಿಕ್ಕು ಹೇಳುತ್ತಿದ್ದರು, ನೀರಿನ ಬಣ್ಣ ನೋಡಿ ಆಳ ಹೇಳುತ್ತಿದ್ದರು. ಅದಕ್ಕೆ ಯಾವ ಪರೀಕ್ಷೆಯಲ್ಲೂ ಅಂಕ ಇರಲಿಲ್ಲ. ಅದೇ ವಿದ್ಯೆಯನ್ನು ಪುಸ್ತಕದಿಂದ ಕಲಿಯಲು ಮುಂದೆ ನೌಕಾಪಡೆಯ ಹುಡುಗರು ತಿಂಗಳುಗಟ್ಟಲೆ ಒದ್ದಾಡುವುದನ್ನು ನಾನು ಕಂಡಿದ್ದೇನೆ. ನಿಮ್ಮ ಅಪ್ಪನ ಕಸುಬು ಈ ನಾಡಿನ ಸಮುದ್ರಶಕ್ತಿಯ ಬೇರು. ಅದರ ಬಗ್ಗೆ ತಲೆತಗ್ಗಿಸಬೇಡಿ, ಅದರ ಮೇಲೆ ಓದನ್ನು ಕಟ್ಟಿ.

ಸಮಿತಿಯವರಲ್ಲಿ ನನ್ನದೊಂದು ಬೇಡಿಕೆ. ಸುವರ್ಣ ಮಹೋತ್ಸವದ ನೆನಪಿಗೆ ರಂಗಮಂದಿರ ಕಟ್ಟುವ ಮಾತು ಕೇಳಿದೆ, ಸಂತೋಷ. ಅದರ ಜೊತೆಗೆ ಗ್ರಂಥಾಲಯದಲ್ಲಿ ಒಂದು ಕಪಾಟು ಕಡಲಿಗೆ ಮೀಸಲಿಡಿ. ಪುಸ್ತಕಗಳನ್ನು ನಾನು ಕೊಡುತ್ತೇನೆ. ಒಂಬತ್ತನೆಯ ತರಗತಿಯ ಮಕ್ಕಳು ಪ್ರತಿವರ್ಷ ನಮ್ಮ ಊರಿನ ಹಿರಿಯ ಮೀನುಗಾರರನ್ನು ಕಂಡು, ಅವರು ಗಾಳಿಗೆ, ಅಲೆಗೆ, ಬಂಡೆಗೆ, ಮೀನಿಗೆ ಇಟ್ಟ ಹೆಸರುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದು ಆ ಕಪಾಟಿನಲ್ಲಿಡಲಿ. ತಿಮ್ಮೋಜನಿಗೆ ಗೊತ್ತಿದ್ದದ್ದನ್ನು ಯಾರೂ ಕನ್ನಡದಲ್ಲಿ ಬರೆದಿಡಲಿಲ್ಲ. ಅವನ ಬಗ್ಗೆ ನಾವು ಓದುವುದೆಲ್ಲ ಪೋರ್ಚುಗೀಸರು ಬರೆದದ್ದು. ಮುಂದಿನ ಐವತ್ತು ವರ್ಷದ ಹೊತ್ತಿಗೆ ಈ ಶಾಲೆಯ ಕಪಾಟಿನಲ್ಲಿ ನಮ್ಮವರೇ ಬರೆದ ಐವತ್ತು ನೋಟುಬುಕ್ಕು ಇರಲಿ.